ಟಗರು ದೇವರಿಗೆ, ಐದನೆಯ ಒಂದು ಪಾಲು ಯಾರಿಗೆ?

ಒಂದು ವರ್ಷದಲ್ಲಿ ಬೈಬಲ್ ಓದಿ ಮುಗಿಸ್ತೀನಿ ಅಂತ ಜನವರಿಯಲ್ಲಿ ಶುರುಮಾಡಿದವರು ಫೆಬ್ರವರಿಯಲ್ಲಿ ಎಲ್ಲಿ ನಿಲ್ಲಿಸ್ತೀರಿ? ಯಾಜಕಕಾಂಡದಲ್ಲಿ! ಇವತ್ತು ಅಲ್ಲಿಗೇ ಹೋಗೋಣ. 6ನೇ ಅಧ್ಯಾಯ, ಮೊದಲ ಏಳು ವಚನ.

ನೆರೆಯವನು ನಂಬಿ ಕೊಟ್ಟದ್ದನ್ನು ಒಬ್ಬನು ನುಂಗಿಹಾಕಿದ್ದಾನೆ. ಇಲ್ಲವೇ ಯಾರೋ ಕಳಕೊಂಡ ವಸ್ತು ಸಿಕ್ಕಿದೆ, ನನಗೆ ಗೊತ್ತೇ ಇಲ್ಲ ಅಂದಿದ್ದಾನೆ. ಮೇಲೆ ಸುಳ್ಳು ಪ್ರಮಾಣ ಬೇರೆ. ಧರ್ಮಶಾಸ್ತ್ರವು ಇದನ್ನು ಯೆಹೋವನಿಗೇ ಮಾಡಿದ ದ್ರೋಹ ಎಂದು ಎಣಿಸುತ್ತದೆ. ಹಾಗಾದರೆ ದೇವರ ಹತ್ತಿರ ಸರಿಮಾಡಿಕೊಂಡರೆ ಸಾಕಲ್ಲವಾ? ಸಾಲದು. ತೆಗೆದುಕೊಂಡದ್ದನ್ನು ಪೂರ್ತಿ ಹಿಂದಕ್ಕೆ ಕೊಡಬೇಕು, ಐದನೆಯ ಒಂದು ಪಾಲು ಹೆಚ್ಚಿಗೆ ಸೇರಿಸಬೇಕು. ಪ್ರಾಯಶ್ಚಿತ್ತ ಯಜ್ಞದ ಟಗರಿನ ಮಾತು ಬರೋದು ಅದಾದ ಮೇಲೆ. ರೂಮ್‌ಮೇಟ್‌ಗೆ ಸೇರಬೇಕಾದ 5,000 ರೂಪಾಯಿ ಹೊಡೆದಿದ್ದರೆ 6,000, ಲೆಕ್ಕ ಅಷ್ಟೇ. ಆರಾಧನೆಯಲ್ಲಿ ಕಣ್ಣೀರು ಸುರಿಸೋದು ಸುಲಭ, ಗೂಗಲ್ ಪೇ ತೆಗೆಯೋದು ಕಷ್ಟ.

ಈಗ 5ನೇ ಅಧ್ಯಾಯ ನೋಡಿ. ದೋಷಪರಿಹಾರಕ ಯಜ್ಞಕ್ಕೆ ಕುರಿ ತರಲು ಗತಿಯಿಲ್ಲದವನು ಎರಡು ಪಾರಿವಾಳ ತರಬಹುದು, ಅದಕ್ಕೂ ಇಲ್ಲದವನು ಏಫದ ಹತ್ತನೆಯ ಒಂದು ಪಾಲು ಹಿಟ್ಟು. ತನಗೆ ಸಲ್ಲಬೇಕಾದ್ದನ್ನು ದೇವರು ಒಂದು ಪಾತ್ರೆ ಹಿಟ್ಟಿನ ತನಕ ಇಳಿಸಿದನು. ನೆರೆಯವನಿಗೆ ಸಲ್ಲಬೇಕಾದ್ದರಲ್ಲಿ ಮಾತ್ರ ಒಂದು ಕಾಸೂ ಇಳಿಸಲಿಲ್ಲ. ಮೋಸಹೋದವನು ಸತ್ತು, ಹತ್ತಿರದ ಬಂಧುವೂ ಇಲ್ಲದಿದ್ದರೆ? ಅರಣ್ಯಕಾಂಡ 5ನೇ ಅಧ್ಯಾಯದ ಪ್ರಕಾರ ಆ ಹಣ ಯಾಜಕನಿಗೆ ಹೋಗಬೇಕು. ಅವನು ಸತ್ತ, ನಾನು ಬಚಾವ್ ಅನ್ನೋ ಹಾಗಿಲ್ಲ.

"ಪಾಸ್ಟರ್, ನಾವು ಕೃಪೆಯ ಕೆಳಗಿದ್ದೀವಲ್ಲ, ಯೇಸುವಿನ ರಕ್ತ ಎಲ್ಲವನ್ನೂ ತೊಳೆದಿದೆಯಲ್ಲ?" ಆಮೆನ್, ತೊಳೆದಿದೆ. ಯೆಶಾಯ 53ರಲ್ಲಿ ಕಷ್ಟಪಡುವ ಸೇವಕನ ಬಗ್ಗೆ ಬಳಸಿದ ಇಬ್ರಿಯ ಪದ ಆಶಾಮ್, ಇದೇ ಪ್ರಾಯಶ್ಚಿತ್ತ ಯಜ್ಞದ ಹೆಸರು. ಟಗರಿನ ಜಾಗದಲ್ಲಿ ಯೇಸು ನಿಂತಾಯಿತು, ನಾವು ಇನ್ನೊಂದು ಟಗರು ತರಬೇಕಿಲ್ಲ. ಆದರೆ ಆ 6,000 ಟಗರಿನ ಭಾಗವಾಗಿತ್ತಾ? ಇರಲಿಲ್ಲ. ಅದು ಕ್ಷಮೆಗೆ ಕಟ್ಟುವ ಬೆಲೆಯೂ ಅಲ್ಲ. ಅದು ರೂಮ್‌ಮೇಟ್‌ಗೆ ಸೇರಿದ್ದು. ಜಕ್ಕಾಯನನ್ನೇ ನೋಡಿ, ನಾಲ್ಕರಷ್ಟು ಕೊಡ್ತೀನಿ ಅಂತ ಅವನಿಗೆ ಯೇಸು ಹೇಳಿಕೊಡಲಿಲ್ಲ. ಕೃಪೆ ಮನೆಯೊಳಗೆ ಬಂದದ್ದೇ ತಡ, ಅವನೇ ಎದ್ದು ನಿಂತು ಲೆಕ್ಕ ಹೇಳಿದ.

ಹಣವಾದರೆ ಎಣಿಸಿ ಕೊಡಬಹುದು. ಆಫೀಸಿನಲ್ಲಿ ಒಬ್ಬ ಹುಡುಗಿಯ ಹೆಸರು ಕೆಡಿಸಿದವನು ಅದಕ್ಕೆ ಐದನೆಯ ಒಂದು ಪಾಲು ಎಷ್ಟಂತ ಹಾಕಬೇಕು? ಇದಕ್ಕೆ ನನ್ನ ಹತ್ತಿರ ಲೆಕ್ಕವಿಲ್ಲ. ಯಾರ ಮುಂದೆ ಸುಳ್ಳು ಹೇಳಿದನೋ ಅವರ ಮುಂದೆಯೇ ಸತ್ಯ ಹೇಳೋದರಿಂದ ಶುರುಮಾಡಬೇಕು, ಅಷ್ಟು ಗೊತ್ತು.

ಈಗ ಪ್ರಾರ್ಥನೆಗೆ ನಿಲ್ಲುತ್ತೇವೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಎಂದು ಯೇಸು ಮತ್ತಾಯ 5ರಲ್ಲಿ ಹೇಳಿದ್ದಾನೆ. ನಿಮಗೆ ಯಾರದಾದರೂ ಹೆಸರು ನೆನಪಾದರೆ ಹೊರಗೆ ಹೋಗಿ ಫೋನ್ ಮಾಡಿ ಬನ್ನಿ. ನಾವು ಕಾಯುತ್ತೇವೆ.