ಬಾಗಿಲು ಹಾಕಿದವರ ಕಪಾಟು

ವೈದ್ಯರ ಸಂಘವೊಂದು ತನ್ನ ಹಳೆಯ ಕಾಗದಗಳನ್ನು ಏಕೆ ಕಾಪಾಡಬೇಕು? ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಬೇಕಾಗುತ್ತದೆ ಎಂಬುದು ಸಾಮಾನ್ಯ ಉತ್ತರ. ಅಧ್ಯಕ್ಷರ ಭಾವಚಿತ್ರ, ಸನ್ಮಾನ ಪತ್ರಗಳನ್ನು ಜೋಪಾನ ಮಾಡಲು ಯಾರಿಗೂ ಬೇಸರವಿಲ್ಲ. ಪ್ರಶ್ನೆ ಇರುವುದು ಸಂಘವೇ ತಲೆ ತಗ್ಗಿಸಬೇಕಾದ ಕಾಗದಗಳ ಬಗ್ಗೆ.

1847ರಲ್ಲಿ ಸ್ಥಾಪನೆಯಾದ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1870ರಲ್ಲಿ ವಾಷಿಂಗ್ಟನ್ನಿನಲ್ಲಿ ಸಭೆ ಸೇರಿತು. ಆ ನಗರದಲ್ಲಿ ಎರಡು ವೈದ್ಯ ಸಂಘಗಳಿದ್ದವು. ಒಂದು, ಅಲೆಕ್ಸಾಂಡರ್ ಅಗಸ್ಟಾ, ಚಾರ್ಲ್ಸ್ ಪರ್ವಿಸ್ ಮೊದಲಾದ ಕಪ್ಪು ವೈದ್ಯರಿಗೆ ಹಿಂದಿನ ವರ್ಷವಷ್ಟೇ ಸದಸ್ಯತ್ವ ನಿರಾಕರಿಸಿದ್ದ ಬಿಳಿಯರ ಸಂಘ. ಇನ್ನೊಂದು, ಅದರಿಂದ ನೊಂದವರು ಕಪ್ಪು ಬಿಳಿಯೆನ್ನದೆ ಒಟ್ಟಾಗಿ ಕಟ್ಟಿಕೊಂಡದ್ದು. ಸಭೆ ಮೊದಲನೆಯದರ ಪ್ರತಿನಿಧಿಗಳನ್ನು ಒಳಗೆ ಬಿಟ್ಟುಕೊಂಡಿತು, ಎರಡನೆಯದರವರನ್ನು ಹೊರಗಿಟ್ಟಿತು. ಬಣ್ಣದ ಕಾರಣಕ್ಕೆ ಯಾರನ್ನೂ ಹೊರಗಿಡಬಾರದೆಂಬ ಗೊತ್ತುವಳಿಯನ್ನು ಬದಿಗೆ ಸರಿಸಲಾಯಿತು. ಅದೇ ಸಭೆಯಲ್ಲಿ, ಈ ನಿರ್ಧಾರದಲ್ಲಿ ಬಣ್ಣವನ್ನು ಗಣನೆಗೇ ತೆಗೆದುಕೊಂಡಿಲ್ಲ ಎಂಬ ಗೊತ್ತುವಳಿ ಬಹುಮತದಿಂದ ಪಾಸಾಯಿತು! ಎರಡೂ ಸಂಘವೇ ಅಚ್ಚು ಹಾಕಿಸಿದ ನಡಾವಳಿಯಲ್ಲಿ ಉಳಿದುಕೊಂಡಿವೆ. ಹೊರಗಿನವರು 1895ರಲ್ಲಿ ನ್ಯಾಷನಲ್ ಮೆಡಿಕಲ್ ಅಸೋಸಿಯೇಷನ್ ಎಂಬ ತಮ್ಮದೇ ಸಂಘ ಕಟ್ಟಿಕೊಂಡರು.

1906ರಲ್ಲಿ ಆರಂಭವಾದ ವೈದ್ಯರ ವಿಳಾಸ ಪುಸ್ತಕದ ಕಥೆ ಇನ್ನೂ ವಿಚಿತ್ರ. ಅದರಲ್ಲಿ ಕಪ್ಪು ವೈದ್ಯರ ಹೆಸರಿನ ಜೊತೆ 'ಕಲರ್ಡ್' ಎಂಬುದರ ಸಂಕ್ಷಿಪ್ತ ಗುರುತು ಮೂರು ದಶಕಗಳಿಗೂ ಹೆಚ್ಚು ಕಾಲ ಇತ್ತು. ಅವಮಾನವೇ ಸರಿ. ಆದರೆ ಆ ಕಾಲದ ಕಪ್ಪು ವೈದ್ಯರು ಯಾವ ಊರಲ್ಲಿದ್ದರು, ಎಲ್ಲಿ ಓದಿದರು ಎಂದು ಇಂದು ಹುಡುಕುವವರಿಗೆ ಅದೇ ಗುರುತು ಕೈಮರ. ಆ ಪುಸ್ತಕಗಳನ್ನು ಸುಟ್ಟಿದ್ದರೆ ಅವಮಾನದ ಜೊತೆ ಅವರೂ ಅಳಿಸಿಹೋಗುತ್ತಿದ್ದರು.

ಹಾಗಾದರೆ ಈ ಕಾಗದಗಳು ಯಾರವು? ಹೊರಗೆ ನಿಂತವನ ಬಳಿ ಪುರಾವೆ ಇರುವುದು ಅಪರೂಪ. ಅದು ಬಾಗಿಲು ಹಾಕಿದವನ ಕಪಾಟಿನಲ್ಲಿರುತ್ತದೆ. ಉರ್ದುವಿನಲ್ಲಿ 'ಅಮಾನತ್' ಎಂದರೆ ಇನ್ನೊಬ್ಬರು ನಂಬಿ ಕೊಟ್ಟದ್ದನ್ನು ಕಾಯುವುದು. (ಕನ್ನಡ ಪತ್ರಿಕೆಗಳಲ್ಲಿ ಅದು ನೌಕರರನ್ನು ಹೊರಗಿಡುವ ಮಾತಾಗಿಬಿಟ್ಟಿದೆ!) ಇಲ್ಲಿ ಯಾರೂ ನಂಬಿ ಕೊಟ್ಟದ್ದಲ್ಲ ನಿಜ. ಆದರೂ ಸಂಘ ಆ ಕಾಗದಗಳ ಕಾವಲುಗಾರ ಮಾತ್ರ, ಒಡೆಯನಲ್ಲ ಎಂದೇ ನನ್ನ ಭಾವನೆ.

ಇಟ್ಟುಕೊಂಡರಷ್ಟೇ ಸಾಲದು, ಓದಬೇಕಲ್ಲ! ಸಂಘ ತಜ್ಞರ ಸಮಿತಿಯೊಂದನ್ನು ಕರೆದು ತನ್ನ ಇತಿಹಾಸ ಪರಿಶೀಲಿಸಲು ಹೇಳಿದ್ದು 2005ರಲ್ಲಿ. ಕಪ್ಪು ವೈದ್ಯರ ಕ್ಷಮೆ ಕೇಳಿದ್ದು 2008ರ ಜುಲೈನಲ್ಲಿ. 1870ರಲ್ಲಿ ಹೊರಗೆ ನಿಂತವರಾರೂ ಅದನ್ನು ಕೇಳಿಸಿಕೊಳ್ಳಲು ಇರಲಿಲ್ಲ. 2021ರಲ್ಲಿ, ಅಂದಿನ ನಿರ್ಧಾರದಲ್ಲಿ ಮುಖ್ಯ ಪಾತ್ರ ವಹಿಸಿದ್ದ ಸ್ಥಾಪಕ ನೇಥನ್ ಡೇವಿಸ್‌ರ ಪ್ರತಿಮೆಯನ್ನು ಸಾರ್ವಜನಿಕ ಪ್ರದರ್ಶನದಿಂದ ತೆಗೆಯಲಾಯಿತು. ಇತಿಹಾಸ ಅಳಿಸುವ ಕೆಲಸವಿದು ಎಂದು ಗೊಣಗುವವರು ಎಲ್ಲ ಕಡೆಯೂ ಇರುತ್ತಾರೆ. ಪ್ರತಿಮೆಯನ್ನು ಒಡೆಯಲಿಲ್ಲ. ಅದನ್ನು ಸಂಘದ ಪತ್ರಾಗಾರಕ್ಕೆ ಕಳಿಸಿಕೊಟ್ಟರು.