ಸಂಗ್ರಹವೂ ಸಂಗ್ರಾಹಕನ ಋಣವೂ

ಹಳೆಯ ವಸ್ತುಗಳನ್ನು ಅರಸಿ ತಂದು ಕಾಪಾಡುವುದು ಸದ್ಗುಣವೋ ಅಥವಾ ಸುಸಂಸ್ಕೃತವಾದ ವೇಷ ತೊಟ್ಟ ಲೋಭವೋ? ವಸ್ತುವಿಗಿಂತಲೂ ವಸ್ತುವಿನ ಮೇಲಣ ಮಮಕಾರವೇ ಪರಿಗ್ರಹವೆಂದು ನಮ್ಮ ಹಿರಿಯರು ಬೋಧಿಸಿದ್ದಾರೆ. ಆದರೆ ಸಂಗ್ರಾಹಕನ ವಿಷಯದಲ್ಲಿ ಪ್ರಶ್ನೆಯು ಅಷ್ಟಕ್ಕೇ ಮುಗಿಯುವುದಿಲ್ಲ. ಆತನ ಕೈಸೇರಿದ ವಸ್ತುವಿನ ಹಿಂದೆ ಅದನ್ನು ನಿರ್ಮಿಸಿದ ಮತ್ತೊಂದು ಜೀವವಿದೆ. ಅಮೆರಿಕದ ಜನಪದ ಕಲೆಯ ಸಂಗ್ರಹದ ಇತಿಹಾಸವು ಈ ವಿಚಾರಕ್ಕೆ ತಕ್ಕ ನಿದರ್ಶನಗಳನ್ನು ಒದಗಿಸುತ್ತದೆ.

ಮನೆಬಳಕೆಗೆಂದು ಹೊಲಿದ ಕೌದಿ, ಕೊಟ್ಟಿಗೆಯ ಮಾಡಿನ ಮೇಲೆ ನಿಂತು ಗಾಳಿಯ ದಿಕ್ಕನ್ನು ತೋರುವ ಲೋಹದ ಆಕೃತಿ, ಬಣ್ಣ ಬಳಿದ ಮರದ ಪೆಟ್ಟಿಗೆ ಮುಂತಾದವುಗಳನ್ನು ಅಲ್ಲಿನ ಪಂಡಿತರು ಬಹುಕಾಲ ಕಲೆಯೆಂದು ಎಣಿಸಿರಲಿಲ್ಲ. 1932ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ಸಾಮಾನ್ಯ ಜನರ ಇಂತಹ ಕೃತಿಗಳ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿತು. ಅವುಗಳಲ್ಲಿ ಬಹುಪಾಲು ಆಬಿ ಆಲ್ಡ್ರಿಚ್ ರಾಕ್‌ಫೆಲ್ಲರ್ ಎಂಬ ಸಿರಿವಂತ ಮಹಿಳೆಯ ಸಂಗ್ರಹಕ್ಕೆ ಸೇರಿದ್ದವು. ಕ್ರಮೇಣ ಇಂತಹ ವಸ್ತುಗಳ ಬೆಲೆ ಗಗನಕ್ಕೇರಿತು. 2006ರ ಒಂದು ಹರಾಜಿನಲ್ಲಿ ಗಾಳಿಯ ದಿಕ್ಕು ತೋರುವ ಹಳೆಯ ಆಕೃತಿಯೊಂದು 58 ಲಕ್ಷ ಡಾಲರಿಗೂ ಮಿಗಿಲಾದ ಬೆಲೆಗೆ ಮಾರಾಟವಾಯಿತು.

ಈ ವೈಭವಕ್ಕೆ ಬಹು ಮುನ್ನ ನಡೆದ ಒಂದು ಚಿಕ್ಕ ವ್ಯಾಪಾರವನ್ನು ಇಲ್ಲಿ ಸ್ಮರಿಸಬೇಕು. ಹ್ಯಾರಿಯೆಟ್ ಪವರ್ಸ್ 1837ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಗುಲಾಮಳಾಗಿ ಹುಟ್ಟಿ, ಮುಂದೆ ಸ್ವತಂತ್ರಳಾದವಳು. ಬಟ್ಟೆಯ ತುಂಡುಗಳನ್ನು ಕತ್ತರಿಸಿ, ಬೈಬಲ್ಲಿನ ಕಥೆಗಳನ್ನು ಹನ್ನೊಂದು ಚೌಕಗಳಲ್ಲಿ ಚಿತ್ರಿಸಿ ಆಕೆ ಹೊಲಿದ ಕೌದಿಯು 1886ರಲ್ಲಿ ಅಥೆನ್ಸ್ ಪಟ್ಟಣದ ಹತ್ತಿಯ ಮೇಳದಲ್ಲಿ ಪ್ರದರ್ಶಿತವಾಯಿತು. ಚಿತ್ರಕಲೆಯ ಅಧ್ಯಾಪಕಿ ಜೆನ್ನಿ ಸ್ಮಿತ್ ಅದನ್ನು ಕೊಳ್ಳಬಯಸಿದಾಗ ಪವರ್ಸ್ ಒಪ್ಪಲಿಲ್ಲ. ನಾಲ್ಕೈದು ವರ್ಷಗಳ ತರುವಾಯ ಸಂಸಾರಕ್ಕೆ ಕಷ್ಟಕಾಲ ಬಂದಿತು. ಆಗ ಆಕೆ ಕೌದಿಯನ್ನು ಚೀಲದಲ್ಲಿ ಸುತ್ತಿ, ತೊಡೆಯ ಮೇಲಿರಿಸಿಕೊಂಡು, ಎತ್ತಿನ ಗಾಡಿಯಲ್ಲಿ ತಂದಳು. ಕೇಳಿದ್ದು ಹತ್ತು ಡಾಲರು; ದೊರೆತದ್ದು ಐದು. ತರುವಾಯವೂ ತಾನು ಮಾರಿದ ಕೌದಿಯನ್ನು ನೋಡಲೆಂದೇ ಆಕೆ ಹಲವು ಬಾರಿ ಆ ಮನೆಗೆ ಬಂದುಹೋದಳು.

ಈ ಭೇಟಿಗಳನ್ನು ಮಮಕಾರವೆಂದು ಕರೆಯಬಹುದೇ? ಪವರ್ಸ್ ಅದನ್ನು ಮರಳಿ ಬೇಡಲು ಬಂದವಳಲ್ಲ. ಕಣ್ತುಂಬ ನೋಡಿ ಹೋಗಲು ಬಂದವಳು. ಹಕ್ಕಿಲ್ಲದೆಯೂ ಉಳಿಯುವ ಪ್ರೀತಿ ಒಂದು. ಪ್ರೀತಿಯಿಲ್ಲದೆಯೂ ಉಳಿಯುವ ಹಕ್ಕು ಇನ್ನೊಂದು. ಮಾರಾಟದಿಂದ ಕೈಬದಲಾಗುವುದು ಹಕ್ಕು ಮಾತ್ರ. ಮಾಡಿದವರಿಗೂ ಕೃತಿಗೂ ಇರುವ ಸಂಬಂಧವನ್ನು ಯಾವ ಕ್ರಯಪತ್ರವೂ ವರ್ಗಾಯಿಸಲಾರದು. ಸಂಗ್ರಾಹಕನ ಋಣವು ಇಲ್ಲಿಂದಲೇ ಆರಂಭವಾಗುತ್ತದೆ.

ಸ್ಮಿತ್ ಈ ಋಣವನ್ನು ಎಷ್ಟರಮಟ್ಟಿಗೆ ತೀರಿಸಿದಳು? ಇನ್ನೊಬ್ಬರ ಸಂಕಟವು ಇಳಿಸಿದ ಬೆಲೆಯನ್ನು ನ್ಯಾಯವಾದ ಬೆಲೆಯೆನ್ನಲಾಗದು. ಅಲ್ಲಿ ಆಕೆ ಸೋತಳು. ಆದರೆ ಪ್ರತಿಯೊಂದು ಚೌಕದ ಅರ್ಥವನ್ನು ಪವರ್ಸಳ ಬಾಯಿಂದಲೇ ಕೇಳಿ ಬರೆದಿಟ್ಟಳು. ಅವಳಿಗೆ ಬಾಗಿಲನ್ನು ತೆರೆದಿಟ್ಟಳು. ಇಂದು ಆ ಕೌದಿಯು ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿ ಪವರ್ಸಳ ಹೆಸರಿನೊಂದಿಗೇ ಉಳಿದಿದೆ. ಬಡವರ ಮನೆಯ ನಿತ್ಯಬಳಕೆಯಲ್ಲಿ ಅದು ಸವೆದುಹೋಗುತ್ತಿತ್ತೆಂಬ ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಉಳಿಸಿದ ಪುಣ್ಯವು ಕಡಿಮೆ ಕೊಟ್ಟ ಬಾಕಿಯನ್ನು ತೀರಿಸಲಾರದು. ಇವೆರಡನ್ನೂ ಬೇರೆ ಬೇರೆಯಾಗಿಯೇ ಎಣಿಸಬೇಕು.

ಇದು ಕೇವಲ ಹಳೆಯ ಕಾಲದ ಪ್ರಶ್ನೆಯಲ್ಲ. ಅಲಬಾಮಾ ರಾಜ್ಯದ ಜೀಸ್ ಬೆಂಡ್ ಗ್ರಾಮದ ಕಪ್ಪು ಮಹಿಳೆಯರ ಕೌದಿಗಳು 2002ರಿಂದ ದೊಡ್ಡ ಸಂಗ್ರಹಾಲಯಗಳಲ್ಲಿ ಪ್ರದರ್ಶಿತವಾಗಿ ಕೀರ್ತಿ ಪಡೆದವು. 2007ರಲ್ಲಿ ಅವರಲ್ಲಿ ಕೆಲವರು ತಮಗೆ ಸಲ್ಲಬೇಕಾದುದು ಸಲ್ಲಲಿಲ್ಲವೆಂದು ನ್ಯಾಯಾಲಯಕ್ಕೆ ಹೋದರು. ಮರುವರ್ಷ ವ್ಯಾಜ್ಯವು ರಾಜಿಯಲ್ಲಿ ಮುಗಿಯಿತು. ಕೃತಿಯು ಮರುಮಾರಾಟವಾದಾಗ ಕಲಾವಿದನಿಗೂ ಪಾಲು ಸಲ್ಲಬೇಕೆಂದು ಫ್ರಾನ್ಸ್ ದೇಶವು 1920ರಲ್ಲಿಯೇ ಕಾನೂನು ಮಾಡಿತು. ಅಮೆರಿಕದ ಒಕ್ಕೂಟದ ಕಾನೂನಿನಲ್ಲಿ ಅಂತಹ ಹಕ್ಕು ಇಂದಿಗೂ ಇಲ್ಲ. ಕಾನೂನು ಮೌನವಾಗಿರುವಲ್ಲಿ ಆತ್ಮಸಾಕ್ಷಿಯೇ ಮಾತನಾಡಬೇಕಾಗುತ್ತದೆ.

ಆದುದರಿಂದ ಸಂಗ್ರಹಿಸುವವರು ವ್ಯಕ್ತಿಯಾಗಿರಲಿ, ಸಂಸ್ಥೆಯಾಗಿರಲಿ, ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ಕೊಟ್ಟ ಬೆಲೆಯು ಕೊಟ್ಟವರ ಕಷ್ಟದ ಲಾಭ ಪಡೆಯಿತೇ? ಮಾಡಿದವರ ಹೆಸರನ್ನೂ ಮಾತನ್ನೂ ವಸ್ತುವಿನೊಡನೆ ಕಾಪಾಡಿದೆವೇ? ಅವರೋ ಅವರ ಮಕ್ಕಳೋ ಬಂದು ಬಾಗಿಲು ತಟ್ಟಿದರೆ ತೆರೆಯುವೆವೇ? ಈ ಪ್ರಶ್ನೆಗಳಿಗೆ ಅಂಜದೆ ಉತ್ತರಿಸಬಲ್ಲವನ ಸಂಗ್ರಹವು ರಕ್ಷಣೆಯೆನಿಸುತ್ತದೆ. ಉತ್ತರಿಸಲಾರದವನ ಮನೆಯಲ್ಲಿ ವಸ್ತುವು ಎಷ್ಟೇ ಸುರಕ್ಷಿತವಾಗಿದ್ದರೂ ಅದು ಪರರ ಸ್ವತ್ತಾಗಿಯೇ ಉಳಿಯುತ್ತದೆ.