ಕಂಡರಷ್ಟೇ ಕಾಳಜಿಯೇ?

ಹವಳ ಎಂದರೆ ನಮ್ಮ ಕಡೆಯ ಹೆಂಗಸರಿಗೆ ಕರಿಮಣಿ ಸರದಲ್ಲಿ ತಾಳಿಯ ಪಕ್ಕ ಪೋಣಿಸಿದ ಕೆಂಪು ಮಣಿ. ಅದೂ ಒಂದು ಕಾಲಕ್ಕೆ ಜೀವವಾಗಿತ್ತೆಂಬುದು ನೆನಪಿಗೆ ಬರುವುದು ಕಡಿಮೆ. ಸಮುದ್ರದಡಿ ಬಂಡೆ ಕಟ್ಟುವ ಹವಳ ಈ ಮಣಿಯ ದೂರದ ನೆಂಟ. ಗಿಡದಂತೆ ಕಂಡರೂ ಅದು ಸಾವಿರಾರು ಪುಟ್ಟ ಪ್ರಾಣಿಗಳು ಕೂಡಿ ಬಾಳುವ ಸಂಸಾರ. ಅವುಗಳ ಮೈಯೊಳಗಿರುವ ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಅವಕ್ಕೂ ಉಣಿಸುತ್ತದೆ. ದಡದಲ್ಲಿ ಬಂದರನ್ನೋ ರಸ್ತೆಯನ್ನೋ ಕಟ್ಟುವಾಗ ನೀರು ಕದಡಿದರೆ ಬಿಸಿಲು ಕೆಳಗಿಳಿಯುವುದಿಲ್ಲ. ಮೇಲೆ ಕುಳಿತ ಹೂಳು ಉಸಿರುಗಟ್ಟಿಸುತ್ತದೆ.

ನನ್ನ ತಂಗಿಯ ಮಗ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸ್ಕೂಬಾ ಡೈವಿಂಗ್ ಮಾಡಿ ಬಂದ. "ದೊಡ್ಡಮ್ಮಾ, ಒಂದ್ಸಲ ನೋಡಿದವರು ಯಾರೂ ಇದನ್ನ ಹಾಳಾಗೋಕೆ ಬಿಡಲ್ಲ" ಎಂದ. ಮಾತು ಚೆನ್ನಾಗಿದೆ. ಆದರೆ ನಿಜವೇ?

ದೊಡ್ಡಬಳ್ಳಾಪುರ ಸೀಮೆಯ ನಾವು ಅರ್ಕಾವತಿಯನ್ನು ಕಂಡವರು. ನಂದಿಬೆಟ್ಟದ ಕಡೆಯಿಂದ ಇಳಿದು ನಮ್ಮ ಕೆರೆಗಳನ್ನು ತುಂಬಿಸಿಕೊಂಡು ಹೋಗುತ್ತಿದ್ದ ಹೊಳೆ ಅದು. ಅದರ ನೀರನ್ನು ಬೆಂಗಳೂರು 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಿಂದ ತಿಪ್ಪಗೊಂಡನಹಳ್ಳಿಯಿಂದ ಕುಡಿಯಿತು. ಕಾಲುವೆಗಳು ಒತ್ತುವರಿಯಾದದ್ದು, ನೀಲಗಿರಿ ತೋಪುಗಳು ಎದ್ದದ್ದು, ಕೊಳವೆಬಾವಿಗಳು ಅಂತರ್ಜಲ ಹೀರಿದ್ದು, ಎಲ್ಲವೂ ನಮ್ಮ ಕಣ್ಣೆದುರಿಗೇ. ಯಾರೂ ನೀರಿನಲ್ಲಿ ಮುಳುಗಿ ನೋಡಬೇಕಿರಲಿಲ್ಲ. ಆದರೂ ಹೊಳೆ ಬತ್ತಿತು. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ನೋಡುವುದರಿಂದ ಹುಟ್ಟುವುದು ಬೆರಗು. ಅದು ಫೋಟೋ ತೆಗೆದ ಮೇಲೆ ಮುಗಿದೂ ಹೋಗಬಹುದು. ನೋಡಲು ಹೋದವರ ಕಾಲು ತಗುಲಿಯೇ ವರ್ಷಗಟ್ಟಲೆ ಬೆಳೆದ ಹವಳದ ಕೊಂಬೆ ಮುರಿಯುವುದೂ ಉಂಟು. ಕಾಳಜಿ ಬೇರೆ. ಹುಟ್ಟದ ಮಗುವಿಗೆ ಕುಲಾವಿ ಹೊಲಿಯುವ ನಮಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಕಾಣದ ಜೀವಕ್ಕೂ ಮನಸ್ಸಿನಲ್ಲಿ ಜಾಗ ಮಾಡುವುದು ನಮಗೆ ಗೊತ್ತು.

ಕಾನೂನಿಗೂ ಇದು ಗೊತ್ತಿದೆ. ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ 2001ರಿಂದ ಬಂಡೆ ಕಟ್ಟುವ ಹವಳಕ್ಕೆ ಹುಲಿಯ ಸಾಲಿನಲ್ಲೇ ಸ್ಥಾನ. ಆದರೂ ಮುಂಬಯಿಯ ಕರಾವಳಿ ರಸ್ತೆಗಾಗಿ 2020ರಲ್ಲಿ ವರ್ಳಿ, ಹಾಜಿ ಅಲಿ ಬಳಿಯ ಹವಳಗಳನ್ನು ಅನುಮತಿ ಪಡೆದು ಎಬ್ಬಿಸಿ ಬೇರೆಡೆ ಕೂರಿಸಿದರು. ಬಹುಪಾಲು ಬದುಕಿದವೆಂದು ವರದಿಯಾಯಿತು. ಸಂತೋಷವೇ. ಆದರೆ 'ಎಬ್ಬಿಸಿ ಕೂರಿಸಬಹುದು' ಎಂಬ ಸಮಾಧಾನ ಒಮ್ಮೆ ಅಭ್ಯಾಸವಾದರೆ, 'ಎಬ್ಬಿಸಲೇಬೇಕೇ' ಎಂಬ ಪ್ರಶ್ನೆ ಕೇಳುವವರಾರು?

ರಸ್ತೆಯೇ ಬೇಡವೆನ್ನಲು ನನಗೆ ಬಾಯಿಲ್ಲ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಆದ ರಸ್ತೆಗಳಲ್ಲಿ ನಾವೂ ಓಡಾಡುತ್ತೇವೆ. ಆದರೆ ಮನೆ ಕಟ್ಟುವಾಗ ಪಕ್ಕದವರ ಬಾವಿಗೆ ಮಣ್ಣು ಬೀಳದಂತೆ ನೋಡಿಕೊಳ್ಳುವುದು ಮರ್ಯಾದೆಯಲ್ಲವೇ? ಆ ಬಾವಿಯನ್ನು ನಾವು ಇಣುಕಿ ನೋಡಿರಬೇಕೆಂದೇನೂ ಇಲ್ಲ. ನನ್ನ ತರಗತಿಯ ಎಷ್ಟೋ ಮಕ್ಕಳು ಸಮುದ್ರವನ್ನೇ ಕಂಡಿಲ್ಲ. ಅವರಿಗೆ ಹವಳದ ಚಿತ್ರ ತೋರಿಸುವುದರ ಜೊತೆಗೆ ಈ ಮರ್ಯಾದೆಯನ್ನೂ ಕಲಿಸಬೇಕು.